ಹಡಗಿಗೆ ಕಾಣದ ಮಳೆ

ಮೈಸೂರಿನವರಾದ ನಮಗೆ ಮಂಗಳೂರು ಎಂದರೆ ಘಟ್ಟ ಇಳಿದ ಮೇಲೆ ಸಿಗುವ ಊರು. ಮಡಿಕೇರಿಯಲ್ಲಿ ಕಾಫಿ ಕುಡಿದು, ಸಂಪಾಜೆಯ ತಿರುವುಗಳನ್ನು ಇಳಿದು, ಸುಳ್ಯ, ಪುತ್ತೂರು, ಮಾಣಿ ದಾಟಿ ಬಿ.ಸಿ. ರೋಡಿನಲ್ಲಿ ನೇತ್ರಾವತಿ ಕಂಡಾಗ ‘ಅಂತೂ ಬಂತಪ್ಪ’ ಎಂದು ಮೈ ಸಡಿಲ ಬಿಡುವುದು ಚಿಕ್ಕಂದಿನಿಂದ ರೂಢಿ. ಅಲ್ಲಿಂದ ಮುಂದೆ ಊರು, ಊರಿನಾಚೆ ಕಡಲು, ಅಲ್ಲಿಗೆ ಕರ್ನಾಟಕ ಮುಗಿಯಿತು. ಶಾಲೆಯ ಭೂಪಟ ನೋಡಿ ಬೆಳೆದ ನನ್ನ ತಲೆಯಲ್ಲಿ ಮಂಗಳೂರು ಒಂದು ಅಂಚಾಗಿತ್ತು.

ಕಳೆದ ಜನವರಿಯ ಕೊನೆಯಲ್ಲಿ ಅದೇ ಊರಿಗೆ ಪಡುವಣದಿಂದ ಬಂದೆವು. ನಾನೂ ನಮ್ಮವರೂ ಮುಂಬೈಯಲ್ಲಿ ಹತ್ತಿದ ಹಡಗು ಕೊಲಂಬೊಗೆ ಹೊರಟಿತ್ತು. ದಾರಿಯಲ್ಲಿ ಒಂದು ಹಗಲು ಮಂಗಳೂರಿನಲ್ಲಿ ನಿಲ್ಲುವುದಿತ್ತು. ಬೆಳಗಿನ ಜಾವ ಡೆಕ್ಕಿಗೆ ಹೋಗಿ ನಿಂತೆ. ಮೊದಲು ಕಂಡದ್ದು ಊರಲ್ಲ, ಘಟ್ಟ. ಬೂದುಬಣ್ಣದ ಒಂದೇ ಗೆರೆ, ಅದರ ಬೆನ್ನ ಹಿಂದೆ ಬೆಳಕು. ಕುದುರೆಮುಖವನ್ನು ಗುರುತಿಟ್ಟುಕೊಂಡು ನಾವಿಕರು ದಡ ಹುಡುಕುತ್ತಿದ್ದರು ಎಂದು ಓದಿದ್ದೆ. ಅದು ಹೇಗೆ ಸಾಧ್ಯ ಎಂದು ಆ ಹೊತ್ತು ಅರ್ಥವಾಯಿತು. ಆಮೇಲೆ ಸುರತ್ಕಲ್ಲಿನ ದೀಪಸ್ತಂಭ, ತೈಲ ಸಂಸ್ಕರಣಾಗಾರದ ಚಿಮಣಿಗಳು, ತೆಂಗಿನ ಸಾಲು. ಕೊನೆಗೆ, ಕಡಲೊಳಕ್ಕೆ ಕೈಚಾಚಿದ ಎರಡು ಕಲ್ಲಿನ ತಡೆಗೋಡೆಗಳ ನಡುವೆ ಹಡಗು ನಿಧಾನವಾಗಿ ಪಣಂಬೂರಿನ ಬಂದರಿಗೆ ನುಗ್ಗಿತು. ಇಷ್ಟು ವರ್ಷ ನಾನು ಈ ಊರಿಗೆ ಬರುತ್ತಿದ್ದುದು ಹಿಂಬಾಗಿಲಿನಿಂದ ಎಂದು ಆಗ ಹೊಳೆಯಿತು. ಇದರ ಮುಂಬಾಗಿಲು ಇಲ್ಲಿದೆ.

ಧಕ್ಕೆಯ ಮೇಲೆ ಚೆಂಡೆ ಬಾರಿಸುತ್ತಿದ್ದರು. ಯಕ್ಷಗಾನದ ವೇಷಧಾರಿಯೊಬ್ಬರು ಕಿರೀಟ ಕಟ್ಟಿಕೊಂಡು ಆ ಸೆಕೆಯಲ್ಲಿ ನಗುಮುಖದಿಂದ ನಿಂತಿದ್ದರು. ಹಡಗಿನ ಜರ್ಮನ್, ಇಂಗ್ಲಿಷ್ ಅಜ್ಜ-ಅಜ್ಜಿಯರು ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಹವಾನಿಯಂತ್ರಿತ ಬಸ್ಸುಗಳು ಸಾಲಾಗಿ ಕಾದಿದ್ದವು. ಒಂದು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಿಗೂ, ಇನ್ನೊಂದು ಕದ್ರಿ, ಕುದ್ರೋಳಿ, ಗೇರುಬೀಜದ ಕಾರ್ಖಾನೆಗೆ. ಮೊಣಕಾಲು ನೋವಿರುವ ನಮ್ಮವರು ಮೂಡುಬಿದಿರೆಯ ಬಸ್ಸು ಹತ್ತಿದರು. ನಾನು ಅರ್ಧ ಸೆಟ್ ಗಾಲ್ಫ್ ಕೋಲುಗಳಿದ್ದ ಚೀಲ ಹೆಗಲಿಗೇರಿಸಿ ಬಂದರಿನ ಗೇಟಿನ ಕಡೆ ಹೊರಟೆ.

ಹಡಗು ನಿಂತ ಊರಿನಲ್ಲಿ ಗಾಲ್ಫ್ ಆಡುವ ಅಭ್ಯಾಸ ನನಗೆ ಹತ್ತಿದ್ದು ಕೆರಿಬಿಯನ್ನಿನಲ್ಲಿ. ಫ್ಲಾರಿಡಾದಲ್ಲಿರುವ ಮಗಳು ಕೆಲವು ವರ್ಷಗಳ ಹಿಂದೆ ಅಲ್ಲಿನ ದ್ವೀಪಗಳ ಯಾನಕ್ಕೆ ಕರೆದುಕೊಂಡು ಹೋಗಿದ್ದಳು. ಆ ದ್ವೀಪಗಳ ಬಂದರುಗಳಲ್ಲಿ ಹಡಗಿನಿಂದ ಇಳಿದವರಿಗಾಗಿಯೇ ಕಟ್ಟಿದ ಅಂಗಡಿಬೀದಿಗಳಿವೆ. ಎಲ್ಲ ಕಡೆಯೂ ಅದೇ ವಜ್ರದಂಗಡಿ, ಅದೇ ಟೀ-ಶರ್ಟು. ಅಲ್ಲೇ ಸುತ್ತಿ ಹಡಗಿಗೆ ಮರಳಿದರೆ ದ್ವೀಪದ ಮಣ್ಣು ಚಪ್ಪಲಿಗೂ ಅಂಟುವುದಿಲ್ಲ. ಗಾಲ್ಫ್ ಮೈದಾನ ಬಂದರಿನ ಪಕ್ಕದಲ್ಲಿ ಇರುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಅಂಗಡಿಬೀದಿ ದಾಟಬೇಕು, ದಾರಿ ಕೇಳಬೇಕು, ಶಾಲೆ, ಸ್ಮಶಾನ, ತರಕಾರಿ ಸಂತೆಗಳ ಪಕ್ಕದಲ್ಲಿ ಹಾಯಬೇಕು. ಮೈದಾನ ತಲುಪಿದ ಮೇಲೂ ನಾಲ್ಕು ಗಂಟೆ ಆ ಊರಿನವರ ಜೊತೆ, ಆ ಊರಿನ ನೆಲದ ಮೇಲೆ ಕಾಲಾಡಿಸಬೇಕು. ಅಷ್ಟು ಹೊತ್ತು ಒಬ್ಬರ ಜೊತೆ ನಡೆದರೆ ಮಾತು ತಾನಾಗಿ ಹುಟ್ಟುತ್ತದೆ. ಆಟಕ್ಕಿಂತ ನನಗೆ ರುಚಿಸಿದ್ದು ಈ ನಡಿಗೆ.

ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಇಳಿದಾಗ ಮಗಳು ಸಮುದ್ರಸ್ನಾನಕ್ಕೆ ಹೋದಳು. ನಾನು ಓಯಿಸ್ಟಿನ್ಸ್ ಕಡೆ ಹೋಗುವ ಬಿಳಿಯ ವ್ಯಾನ್ ಹತ್ತಿದೆ. ಝಡ್‌ಆರ್ ವ್ಯಾನ್ ಎಂದು ಅವಕ್ಕೆ ಅಲ್ಲಿ ಹೆಸರು. ಒಳಗೆ ಕಿವಿಗಡಚಿಕ್ಕುವ ಹಾಡು, ಬಾಗಿಲಲ್ಲಿ ನೇತಾಡುತ್ತ ಜನರನ್ನು ಒಳಗೆ ಒತ್ತುವ ಕಂಡಕ್ಟರ್, ಕಾಲಿಡಲು ಜಾಗವಿಲ್ಲದಿದ್ದರೂ ಹತ್ತುವ ಶಾಲೆಯ ಮಕ್ಕಳು. ಕ್ರೈಸ್ಟ್ ಚರ್ಚ್ ಪ್ಯಾರಿಷಿನ ಡ್ಯುರಂಟ್ಸ್ ಎಂಬಲ್ಲಿರುವ ಬಾರ್ಬಡೋಸ್ ಗಾಲ್ಫ್ ಕ್ಲಬ್ ಸಾರ್ವಜನಿಕರಿಗೂ ತೆರೆದದ್ದು. ನನ್ನ ಜೊತೆ ಆಡಲು ಸೇರಿಕೊಂಡವರು ನಿವೃತ್ತ ಶಾಲಾ ಮೇಷ್ಟ್ರು. ಭಾರತದವಳು, ಅದರಲ್ಲೂ ಕರ್ನಾಟಕದವಳು ಎಂದು ತಿಳಿದದ್ದೇ ತಡ, ಅವರ ಬಾಯಲ್ಲಿ ಬಂದ ಹೆಸರು ರಾಹುಲ್ ದ್ರಾವಿಡ್. 1997ರಲ್ಲಿ ಕೆನ್ಸಿಂಗ್ಟನ್ ಓವಲ್‌ನಲ್ಲಿ ಗೆಲುವಿಗೆ ಬರೀ 120 ರನ್ ಬೇಕಿದ್ದಾಗ ಭಾರತ 81ಕ್ಕೆ ಉರುಳಿಬಿದ್ದ ಟೆಸ್ಟನ್ನು ಅವರು ಕಣ್ಣಾರೆ ಕಂಡಿದ್ದರು. ಮೊದಲ ಇನಿಂಗ್ಸಿನಲ್ಲಿ ದ್ರಾವಿಡ್ ಹೊಡೆದ 78 ರನ್ನುಗಳ ಬಗ್ಗೆ ಎರಡು ಫೇರ್‌ವೇ ಉದ್ದಕ್ಕೂ ಮಾತಾಡಿದರು.

ಬಾರ್ಬಡೋಸ್ ಹವಳದ ಸುಣ್ಣಕಲ್ಲಿನ ದ್ವೀಪ. ಬಿದ್ದ ಮಳೆ ಬಹುಪಾಲು ನೆಲದೊಳಗೆ ಇಳಿದುಬಿಡುತ್ತದೆ, ದೊಡ್ಡ ನದಿಗಳಿಲ್ಲ. ಆಟ ಮುಗಿಸಿ ನೆರಳಿನಲ್ಲಿ ಕೂತಾಗ ಮೇಷ್ಟ್ರು ಹೇಳಿದ ಮಾತು ನನ್ನೊಳಗೆ ಉಳಿದುಕೊಂಡಿತು. ‘ನೀವೆಲ್ಲ ಬರುವುದು ಚಳಿಗಾಲದಲ್ಲಿ. ಜೂನ್‌ನಿಂದ ನವೆಂಬರ್‌ವರೆಗೆ ನಾವು ಆಕಾಶ ನೋಡುತ್ತ ಬದುಕುತ್ತೇವೆ. ಆ ದ್ವೀಪ ನಿಮಗೆ ಗೊತ್ತಿಲ್ಲ.’ ಅವರ ದನಿಯಲ್ಲಿ ದೂರು ಇರಲಿಲ್ಲ. 1955ರಲ್ಲಿ ಅವರು ಮಗುವಾಗಿದ್ದಾಗ ಬಂದ ಜಾನೆಟ್ ಚಂಡಮಾರುತದ ಕತೆಯನ್ನು ಅವರಮ್ಮ ಸಾಯುವವರೆಗೂ ಹೇಳುತ್ತಿದ್ದರಂತೆ.

ಅವತ್ತು ಮಧ್ಯಾಹ್ನ ಓಯಿಸ್ಟಿನ್ಸಿನ ಮೀನುಮಾರುಕಟ್ಟೆಯ ಬಳಿ ಕೂಕೂ ಮತ್ತು ಹಾರುಮೀನು ತಿಂದೆ. ಮುಸುಕಿನ ಜೋಳದ ಹಿಟ್ಟನ್ನು ಬೆಂಡೆಕಾಯಿಯ ಲೋಳೆನೀರಿನಲ್ಲಿ ಮರದ ಕೋಲಿನಿಂದ ತಿರುವಿ ಗಟ್ಟಿ ಮಾಡುವುದೇ ಕೂಕೂ. ಒಲೆಯ ಮುಂದೆ ನಿಂತಿದ್ದಾಕೆ ಪಾತ್ರೆಯನ್ನು ಒತ್ತಿ ಹಿಡಿದು ಕೋಲು ತಿರುವುತ್ತಿದ್ದ ರೀತಿ, ಗಂಟು ಕಟ್ಟದಂತೆ ನೋಡುತ್ತಿದ್ದ ಎಚ್ಚರ, ನಮ್ಮ ಮಂಡ್ಯದ ಕಡೆ ಮುದ್ದೆ ತಿರುವುವ ಹೆಂಗಸರದೇ. ಪಕ್ಕದ ಗಾಡಿಯಲ್ಲಿ ಬ್ರೆಡ್‌ಫ್ರೂಟ್, ಅಂದರೆ ಜೀಗುಜ್ಜೆ, ಸುಡುತ್ತಿದ್ದರು. ಆ ಮರ ಅಲ್ಲಿಗೆ ಬಂದದ್ದು ಸುಖದ ದಾರಿಯಲ್ಲಿ ಅಲ್ಲ. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಊಟ ಒದಗಿಸಲೆಂದು ಕ್ಯಾಪ್ಟನ್ ಬ್ಲೈ ತಾಹಿತಿಯಿಂದ ಸಸಿಗಳನ್ನು ಹಡಗಿನಲ್ಲಿ ತುಂಬಿಸಿ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಕ್ಕೆ ತಂದ. ಬ್ರಿಜ್‌ಟೌನಿಗೆ ವಾಪಸಾಗುವ ಮುನ್ನ ವೃತ್ತವೊಂದರಲ್ಲಿ ಸಂಕೋಲೆ ಹರಿದುಕೊಂಡು ನಿಂತ ಮನುಷ್ಯನ ಪ್ರತಿಮೆ ನೋಡಿದೆ. 1816ರ ಗುಲಾಮರ ದಂಗೆಯ ನಾಯಕ ಬುಸ್ಸನ ಹೆಸರಿನಲ್ಲೇ ಜನ ಅದನ್ನು ಕರೆಯುತ್ತಾರೆ. ಆ ದ್ವೀಪದ ಮುಂಬಾಗಿಲು ಎಂಥ ನೋವಿನಿಂದ ತೆರೆದದ್ದು ಎಂಬುದು ಬಂದರಿನ ಅಂಗಡಿಬೀದಿಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

2024ರ ಜೂನ್ 29ರಂದು ಅದೇ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಿತು. ಕೋಚ್ ಆಗಿ ದ್ರಾವಿಡ್ ಅವರಿಗೆ ಅದು ಕೊನೆಯ ಪಂದ್ಯ. ಊರಿಗೆ ಹೊರಡಬೇಕಿದ್ದ ತಂಡವನ್ನು ಬೆರಿಲ್ ಚಂಡಮಾರುತ ದಿನಗಟ್ಟಲೆ ಹೋಟೆಲಿನಲ್ಲೇ ಕೂರಿಸಿತು. ಟಿ.ವಿ.ಯಲ್ಲಿ ಬ್ರಿಜ್‌ಟೌನಿನ ಮೀನುದೋಣಿಗಳು ಒಂದರ ಮೇಲೊಂದು ಮುರಿದು ಬಿದ್ದಿದ್ದನ್ನು ನೋಡುವಾಗ ಮೇಷ್ಟ್ರ ಮಾತು ನೆನಪಾಯಿತು. ನನಗೆ ಗೊತ್ತಿಲ್ಲದ ಆ ದ್ವೀಪದ ಒಂದು ತುಣುಕು ನಮ್ಮ ಹುಡುಗರಿಗೆ ಕಾಣಿಸಿತ್ತು.

ಈ ಸಲ ಪಣಂಬೂರಿನ ಗೇಟಿನಲ್ಲಿ ಆಟೊ ಹಿಡಿದೆ. ಕೂಳೂರು ಸೇತುವೆಯ ಕೆಳಗೆ ಫಲ್ಗುಣಿ ಹೊಳೆ ಹರಿವೇ ಇಲ್ಲದಂತೆ ಮಲಗಿತ್ತು. ಕಾವೂರು, ಬೊಂದೇಲ್ ದಾಟಿ ವಾಮಂಜೂರಿನ ಕಡೆ ಹೊರಳಿದ ಮೇಲೆ ಮುರಕಲ್ಲಿನ ಕಾಂಪೌಂಡು ಗೋಡೆಗಳು, ಅವುಗಳ ಆಚೆ ಅಡಿಕೆ, ಬಾಳೆ, ಕಾಳುಮೆಣಸಿನ ಬಳ್ಳಿ ಹಬ್ಬಿದ ಹಲಸು. ಒಂದು ಮನೆಯ ಅಂಗಳದಲ್ಲಿ ಅಗಲವಾದ ಸೀಳೆಲೆಗಳ ಜೀಗುಜ್ಜೆ ಮರ ನಿಂತಿತ್ತು. ಆಟೊದ ಹುಡುಗನಿಗೆ ಅದರ ಪೋಡಿ ಎಂದರೆ ಪ್ರಾಣವಂತೆ. ಗುಡ್ಡಗಳ ಮೇಲೆ ಗೇರುಮರಗಳು ಹೂಬಿಟ್ಟು ಗಾಳಿಗೆ ಸಿಹಿ ವಾಸನೆ ಸೇರಿಸಿದ್ದವು. ಗೇರು ದಕ್ಷಿಣ ಅಮೆರಿಕದ ಮರ, ಪೋರ್ಚುಗೀಸರು ತಂದದ್ದು. ಜೀಗುಜ್ಜೆ ಪೆಸಿಫಿಕ್‌ನ ದ್ವೀಪಗಳದು. ಘಟ್ಟದ ಮೇಲಿನವಳಾದ ನಾನು ‘ಅಪ್ಪಟ ಕರಾವಳಿ’ ಎಂದುಕೊಂಡಿದ್ದ ಎಷ್ಟೋ ಸಂಗತಿಗಳು ಕಡಲು ದಾಟಿ ಬಂದು ಇಲ್ಲಿನ ಮಳೆ ಕುಡಿದು ಇಲ್ಲಿನವೇ ಆಗಿವೆ.

ಪಿಲಿಕುಳದ ಗಾಲ್ಫ್ ಮೈದಾನ ನಿಸರ್ಗಧಾಮದ ಮಗ್ಗುಲಿನಲ್ಲಿದೆ. ನಾನು ಆಡಿ ಬೆಳೆದದ್ದು ಮೈಸೂರಿನ ರೇಸ್ ಕೋರ್ಸಿನ ಒಳಗಿರುವ ಮೈದಾನದಲ್ಲಿ. ಅಲ್ಲಿ ನೆಲ ಸಮತಟ್ಟು, ತಲೆ ಎತ್ತಿದರೆ ಚಾಮುಂಡಿಬೆಟ್ಟ, ಎತ್ತ ಹೊಡೆದರೂ ಚೆಂಡು ಕಣ್ಣಿಗೆ ಬೀಳುತ್ತದೆ. ಪಿಲಿಕುಳದಲ್ಲಿ ನೆಲವೇ ಏರಿಳಿತ. ಹುಲ್ಲಿನ ಅಂಚಿನಲ್ಲಿ ಕೆಂಪು ಮುರಕಲ್ಲು ತಲೆ ಹಾಕುತ್ತದೆ. ಜನವರಿಯ ಬಿಸಿಲಿಗೆ ಒಣಗಿದ ಇಳಿಜಾರಿನಲ್ಲಿ ಬಿದ್ದ ಚೆಂಡು ನಿಂತಲ್ಲಿ ನಿಲ್ಲದೆ ಉರುಳುತ್ತದೆ. ನನಗೆ ಸಿಕ್ಕ ಕ್ಯಾಡಿ ನಲವತ್ತು ದಾಟಿದವರು, ಪಕ್ಕದ ಹಳ್ಳಿಯವರು. ಮೊದಲು ‘ಮೇಡಂ’ ಎನ್ನುತ್ತಿದ್ದವರು ಮೈಸೂರು ಎಂದು ತಿಳಿದ ಮೇಲೆ ‘ಅಕ್ಕ’ ಎಂದು ಕರೆಯತೊಡಗಿದರು. ಹಡಗಿನಿಂದ ಇಳಿದು ಬಂದದ್ದು ಎಂದಾಗ ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು.

‘ಮೈಸೂರಿನವರು ಹಡಗಿನಲ್ಲಿ ಬರುದಾ? ಎಂತ ಮಾರಾಯ್ರೆ!’

ಒಂದು ಗ್ರೀನಿನ ಮೇಲೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಚೆಂಡಿನಿಂದ ಕುಳಿಗೆ ಐದಾರು ಹೆಜ್ಜೆ ದೂರವಿತ್ತು. ನಾನು ಕುಕ್ಕರಗಾಲಿನಲ್ಲಿ ಕೂತು ಇಳಿಜಾರು ನೋಡಿದೆ. ಎಡದಿಂದ ಬಲಕ್ಕೆ ಇಳಿಯುತ್ತದೆ ಎಂದು ನನ್ನ ಅಂದಾಜು. ಕ್ಯಾಡಿ ತಲೆಯಾಡಿಸಿದರು. ‘ಅಲ್ಲ ಅಕ್ಕ, ಬಲದಿಂದ ಎಡಕ್ಕೆ ಹೋಗ್ತದೆ. ಕಣ್ಣಿಗೆ ಗೊತ್ತಾಗ್ಲಿಕ್ಕಿಲ್ಲ.’ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಅವರು ಪಟರಿನ ತುದಿಯಿಂದ ಗಾಳಿಯಲ್ಲೇ ಒಂದು ಗೆರೆ ಎಳೆದು ತೋರಿಸಿದರು. ಅದು ಗ್ರೀನಿನ ಮೇಲಂಚಿನಿಂದ ಹೊರಟು ಕುಳಿಯ ಪಕ್ಕದಲ್ಲಿ ಸಣ್ಣಗೆ ಬಳುಕಿ ಕೆಳಗಿನ ಪೊದೆಯ ಕಡೆ ಇಳಿಯಿತು. ‘ಜುಲೈಯಲ್ಲಿ ಮಳೆ ಹೊಯ್ಯುವಾಗ ನೀರು ಹೀಗೇ ಹೋಗುದು. ನಾನು ಕೊಡೆ ಹಿಡ್ಕೊಂಡು ನಿಂತು ನೋಡಿದ್ದೇನೆ. ನೀರು ಹೋದ ದಾರಿಯಲ್ಲೇ ಚೆಂಡು ಹೋಗ್ಬೇಕಲ್ಲ?’

ಅವರು ಹೇಳಿದ ಗೆರೆಯಲ್ಲೇ ಹೊಡೆದೆ. ಚೆಂಡು ನನ್ನ ಕಣ್ಣಿಗೆ ಕಾಣದ ಆ ಬಳುಕಿನಲ್ಲಿ ಎಡಕ್ಕೆ ಒಲೆದು ಕುಳಿಯೊಳಗೆ ಬಿತ್ತು. ಆಮೇಲೆ ನಾನೊಬ್ಬಳೇ ಅಂದಾಜು ಮಾಡಲು ಹೋಗಲಿಲ್ಲ. ಪ್ರತಿ ಗ್ರೀನಿನಲ್ಲೂ ‘ನೀರು ಎತ್ತ ಹೋಗುತ್ತೆ?’ ಎಂದು ಕೇಳಿದೆ. ಪ್ರತಿ ಸಲವೂ ಅವರು ಮಳೆಗಾಲವನ್ನು ನೆನಪು ಮಾಡಿಕೊಂಡು ಉತ್ತರ ಹೇಳಿದರು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಮಂಗಳೂರಿನಲ್ಲಿ 3,000 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. ಅಷ್ಟು ನೀರು ಹರಿದ ನೆಲ ಮಳೆಯೇ ತಿದ್ದಿದ ನೆಲ. ನನ್ನ ಕಾಲ ಕೆಳಗಿದ್ದ ಮುರಕಲ್ಲೂ ಅಷ್ಟೇ. ಯುಗಗಟ್ಟಲೆ ಮಳೆ ಕಲ್ಲಿನೊಳಗಿನ ಬೇರೆಲ್ಲವನ್ನೂ ತೊಳೆದು ಒಯ್ದು ಕಬ್ಬಿಣದ ಕೆಂಪನ್ನು ಉಳಿಸಿ ಹೋದದ್ದು. ನಾನು ಆಡುತ್ತಿದ್ದುದು ಬಿಸಿಲಿನಲ್ಲಿ. ನನ್ನ ಆಟಕ್ಕೆ ದಾರಿ ತೋರುತ್ತಿದ್ದುದು ಆರು ತಿಂಗಳ ಹಿಂದೆ ಬಿದ್ದ ಮಳೆ. ‘ಮಳೆಗಾಲದಲ್ಲಿ ಬನ್ನಿ ಅಕ್ಕ, ಆಗ ಊರು ನೋಡ್ಬೇಕು’ ಎಂದು ಬೀಳ್ಕೊಟ್ಟರು.

ವಾಪಸು ಹೋಗಲು ಸಿಟಿ ಬಸ್ಸು ಹಿಡಿದೆ. ಕಂಡಕ್ಟರ್ ನನ್ನ ಚೀಲವನ್ನು ಡ್ರೈವರಿನ ಪಕ್ಕ ನಿಲ್ಲಿಸಿ, ‘ಅಕ್ಕ, ಇಲ್ಲಿ ಸೀಟ್ ಉಂಟು, ಬನ್ನಿ’ ಎಂದು ಕಾಲೇಜು ಹುಡುಗನೊಬ್ಬನನ್ನು ಎಬ್ಬಿಸಿ ಕೂರಿಸಿದ. ‘ರೈಟ್, ಪೋಯಿ’ ಎಂದು ತಗಡಿಗೆ ಬಡಿದದ್ದೇ ಬಸ್ಸು ಇಳಿಜಾರಿನಲ್ಲಿ ಜಿಗಿಯಿತು. ಹಾಡು, ನೂಕು, ಬಾಗಿಲಲ್ಲಿ ನೇತಾಟ ನೋಡುತ್ತ ನಾನು ಒಂದು ಗಳಿಗೆ ಬ್ರಿಜ್‌ಟೌನಿನ ವ್ಯಾನಿನಲ್ಲಿದ್ದೆ. ಕುಲಶೇಖರ, ನಂತೂರು ದಾಟಿ ಬರುವಾಗ ಹೊಸ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಹೆಂಚಿನ ಮಾಡುಗಳು ಕಾಣುತ್ತಿದ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬರಾದ ಮೋಗ್ಲಿಂಗ್ ಇಲ್ಲಿಂದ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ ಅದು. ಇನ್ನೊಬ್ಬರಾದ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆದಂಡೆಯ ಜೇಡಿಮಣ್ಣು, ಇಲ್ಲಿನ ಕುಂಬಾರರ ಕೈ, ಯುರೋಪಿನ ತಂತ್ರ ಸೇರಿ ಆದ ಹೆಂಚು ದೂರದ ದೇಶಗಳ ಮನೆಗಳ ಮೇಲೂ ಕೂತಿತು. ಮುಳಿಹುಲ್ಲಿನ ಮಾಡು ಸೋರುವುದನ್ನು ಮಳೆಗಾಲ ಪೂರ್ತಿ ಇಲ್ಲೇ ಇದ್ದು ಕಂಡವರಿಗೆ ಮಾತ್ರ ಇಂಥ ಕೆಲಸದ ಬೆಲೆ ತಿಳಿಯುತ್ತದೆ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಮೀನೂಟ ಮಾಡಿದೆ. ಬಾಳೆ ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಬಂಗುಡೆ ಪುಳಿಮುಂಚಿ, ರವೆಯಲ್ಲಿ ಹೊರಳಿಸಿ ಕಾಯಿಸಿದ ಕಾಣೆ. ಪುಳಿಮುಂಚಿಯ ಮಸಾಲೆ ಕಡುಗೆಂಪು, ಹುಣಸೆಹಣ್ಣಿನ ಹುಳಿ ಮೊದಲು ನಾಲಗೆಗೆ ಹತ್ತಿ, ನುಂಗಿದ ಮೇಲೆ ಮೆಣಸು ಗಂಟಲಿನಲ್ಲಿ ಉರಿಯುತ್ತದೆ. ಕುಚ್ಚಲಕ್ಕಿಯ ದಪ್ಪ ಅಗುಳು ಆ ಉರಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕಡೆಯ ಸಣ್ಣಕ್ಕಿ ಅನ್ನ ಈ ಸಾರಿನ ಮುಂದೆ ನಿಲ್ಲಲಾರದು. ಬಡಿಸಲು ಬಂದ ಹಿರಿಯರು ಮೀನು ಮುಗಿದದ್ದನ್ನು ನೋಡಿ ಸಾರು ಹಾಕುತ್ತ, ‘ಈಗ ಎಲ್ಲ ಮೀನು ಸಿಗ್ತದೆ. ಜೂನ್, ಜುಲೈಯಲ್ಲಿ ಬಂದ್ರೆ ಒಣಮೀನು ಚಟ್ನಿ, ಹೊಳೆಮೀನು ಕೊಡ್ತೇನೆ. ಅದರ ರುಚಿಯೇ ಬೇರೆ’ ಎಂದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ ಅದು. ಈ ಊರಿನ ಅಡುಗೆಗೂ ಎರಡು ಋತುಗಳಿವೆ. ನಾನು ಉಂಡದ್ದು ಒಂದು ಋತುವಿನದು.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಹಡಗಿನವರ ಬಸ್ಸೂ ಬರುತ್ತದೆ. ನಾನು ಹೋದಾಗ ಅದೃಷ್ಟಕ್ಕೆ ಬಸ್ಸು ಹೊರಟಾಗಿತ್ತು. ಇಟಲಿಯ ಜೆಸ್ವಿಟ್ ಸೋದರ ಅಂತೋನಿಯೊ ಮೊಸ್ಕೆನಿ ಮಂಗಳೂರಿಗೆ ಬಂದು 1901ರ ಹೊತ್ತಿಗೆ ಈ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅವುಗಳಲ್ಲಿ ಅನೇಕವು ಹಸಿ ಗಾರೆ ಒಣಗುವ ಮುನ್ನವೇ ಬಣ್ಣ ಹಚ್ಚಿ ಮುಗಿಸಬೇಕಾದ ವಿಧಾನದವು. ಇಟಲಿಯ ಒಣಹವೆಯಲ್ಲಿ ಕಲಿತ ಕೈ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಹೇಗೆ ಪಳಗಿತೋ ಎಂದು ತಲೆಯೆತ್ತಿ ನೋಡುತ್ತ ಕೂತೆ. ಮುಂದೆ ತೇವಕ್ಕೆ ನಲುಗಿದ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಸರಿಪಡಿಸಿದರು. ನಾನು ಹೋದಲ್ಲೆಲ್ಲ ಮಳೆ ಇತ್ತು, ನನ್ನ ತಲೆಯ ಮೇಲೆ ಮಾತ್ರ ಬೀಳುತ್ತಿರಲಿಲ್ಲ.

ಹಡಗಿಗೆ ಹಿಂದಿರುಗಲು ಇನ್ನೂ ಹೊತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಬದಲು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆ. ಫಲ್ಗುಣಿಯ ದಂಡೆಯಲ್ಲಿ ಕರಿಕಲ್ಲಿನ ಪುಟ್ಟ ಕಾವಲು ಬುರುಜು. ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಮೈಸೂರು ರಾಜ್ಯವನ್ನು ಆಳಿದ ಟಿಪ್ಪುವಿಗೆ ಮಂಗಳೂರು ಅಂಚಲ್ಲ, ಬಾಗಿಲು ಎಂಬುದು ಚೆನ್ನಾಗಿ ಗೊತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಜೊತೆ ಎರಡನೇ ಯುದ್ಧ ಮುಗಿಸಿದ ಒಪ್ಪಂದಕ್ಕೆ 1784ರ ಮಾರ್ಚ್‌ನಲ್ಲಿ ಸಹಿ ಬಿದ್ದದ್ದೂ ಇದೇ ಊರಿನಲ್ಲಿ. ಗುಂಡಿಕ್ಕುವ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡಿದರೆ ಹೊಳೆ, ಅದರಾಚೆ ತಣ್ಣೀರುಬಾವಿಯ ಮರಳದಿಣ್ಣೆ.

ಬತ್ತೇರಿಯ ಕೆಳಗಿನಿಂದಲೇ ದೋಣಿ ಹೊರಡುತ್ತದೆ. ನಾಲ್ಕು ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಇಬ್ಬರು ಹೆಂಗಸರು, ಒಂದು ಸೈಕಲ್ಲು, ನಾನು. ದೋಣಿಯವರಿಗೆ ಅರವತ್ತರ ಮೇಲೆ. ಮೊಗವೀರರು. ಹಡಗಿನಿಂದ ಇಳಿದವರು ಯಾರಾದರೂ ನಿಮ್ಮ ದೋಣಿ ಹತ್ತುತ್ತಾರಾ ಎಂದು ಕೇಳಿದೆ. ಹೊಳೆಯ ಬಾಯಿಯ ಕಡೆ ಕೈ ತೋರಿಸಿ, ‘ಇಲ್ಲಕ್ಕ, ಅವರಿಗೆ ಇದು ಉಂಟು ಅಂತ್ಲೇ ಗೊತ್ತಿಲ್ಲ. ಮಳೆಗಾಲದಲ್ಲಿ ನಮಗೂ ಕಷ್ಟ. ಹೊಳೆ ತುಂಬಿ ಬರ್ತದೆ, ಕಡಲು ಎದುರು ನಿಲ್ತದೆ. ಎರಡೂ ಜಗಳ ಮಾಡುವಾಗ ದೋಣಿ ಬಿಡ್ಲಿಕ್ಕೆ ಆಗುದಿಲ್ಲ’ ಎಂದರು. ಬೊಬ್ಬರ್ಯನಿಗೆ ಕೈಮುಗಿದೇ ಕಡಲಿಗಿಳಿಯುವುದು ಎಂದೂ ಹೇಳಿದರು. ಕಡಲಲ್ಲಿ ಮಡಿದ ಮುಸ್ಲಿಂ ವರ್ತಕನೊಬ್ಬನ ಕತೆ ಬೊಬ್ಬರ್ಯ ದೈವದ ಹಿಂದಿದೆ. ಇಲ್ಲಿನ ಕಡಲಿಗೆ ಪ್ರಾಣ ಕೊಟ್ಟವನು ಇಲ್ಲಿನವರ ದೈವವಾದ.

ತಣ್ಣೀರುಬಾವಿಯ ಗಾಳಿಮರಗಳ ನೆರಳಿನಲ್ಲಿ ಕೂತಾಗ ಬೆನ್ ಯಿಜು ನೆನಪಾದ. ಟುನೀಸಿಯ ಮೂಲದ ಈ ಯಹೂದಿ ವರ್ತಕ ಏಡನ್ ದಾರಿಯಾಗಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು 1149ರವರೆಗೆ ಇದ್ದ. ಇಲ್ಲಿ ಕಂಚಿನ ಸಾಮಾನಿನ ಕಾರ್ಖಾನೆ ಇಟ್ಟಿದ್ದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಏಡನ್ನಿನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ ಸಂಸಾರ ಹೂಡಿದ. ಬೊಮ್ಮ ಎಂಬ ಆಳು ಅವನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ. ಕೈರೊದ ಸಿನಗಾಗ್ ಒಂದರಲ್ಲಿ ಉಳಿದ ಪತ್ರಗಳಿಂದ ಇವೆಲ್ಲ ತಿಳಿದುಬಂದವು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದ ಕತೆ ಹೇಳಿದ್ದಾರೆ. ಬೊಮ್ಮ ಗುಲಾಮನೇ. ಆದರೂ ಏಡನ್ನಿನ ವರ್ತಕರು ಬೆನ್ ಯಿಜುವಿಗೆ ಬರೆಯುವಾಗ ಅವನಿಗೂ ವಂದನೆ ಕಳಿಸುತ್ತಿದ್ದರು. ಬಾರ್ಬಡೋಸಿನ ಕಬ್ಬಿನ ತೋಟದಲ್ಲಿ ಹೆಸರೂ ಉಳಿಯದೆ ಸತ್ತವರನ್ನು ನೆನೆದರೆ ಆ ಒಂದು ಸಾಲಿನ ವಂದನೆ ದೊಡ್ಡದಾಗಿ ಕಾಣುತ್ತದೆ.

ಆ ಕಾಲದ ಹಾಯಿಹಡಗುಗಳು ಗಾಳಿ ಕರೆದಾಗ ಬಂದು, ಗಾಳಿ ತಿರುಗಿದಾಗ ಹೋಗುತ್ತಿದ್ದವು. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು. ತಡವಾದವರು ಮುಂದಿನ ಗಾಳಿಯವರೆಗೆ ಇಲ್ಲೇ ಉಳಿಯಬೇಕು. ಆ ಕಾಯುವಿಕೆಯಲ್ಲಿ ಭಾಷೆ ಕಲಿತರು, ಸಾಲ ಕೊಟ್ಟರು, ಮದುವೆಯಾದರು, ಮಸೀದಿ ಕಟ್ಟಿದರು. ಹಳೆಯ ಬಂದರಿನ ಊರು ಹುಟ್ಟಿದ್ದು ಹೀಗೆ ಮಳೆಗೆ ಸಿಕ್ಕಿಬಿದ್ದವರಿಂದ. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ಆ ಕಟ್ಟು ಕಳಚಿತು. ತಡೆಗೋಡೆಗಳ ಒಳಗೆ ಜುಲೈಯಲ್ಲೂ ಹಡಗು ನಿಲ್ಲಬಲ್ಲದು. ಎಣ್ಣೆ ಹಡಗು, ಕಲ್ಲಿದ್ದಲ ಹಡಗು ಮಳೆಗಾಲದಲ್ಲೂ ಬರುತ್ತವೆ. ಬಾರದಿರುವುದು ನಾವು ಪ್ರವಾಸಿಗರು ಮಾತ್ರ. ನಮ್ಮ ಹಡಗುಗಳ ಋತು ನವೆಂಬರಿನ ಸುಮಾರಿಗೆ ತೊಡಗಿ ಮಳೆಯ ಮುನ್ನ ಮುಗಿಯುತ್ತದೆ. ನಮ್ಮ ಕ್ಯಾಮೆರಾಗಳಲ್ಲಿ ಇರುವ ಮಂಗಳೂರು, ನಮ್ಮ ಫೋಟೊಗಳಲ್ಲಿ ಇರುವ ಬಾರ್ಬಡೋಸ್, ಎರಡೂ ಅರ್ಧ ವರ್ಷದ ಊರುಗಳು.

ಸಂಜೆ ತಣ್ಣೀರುಬಾವಿಯಿಂದ ಪಣಂಬೂರಿಗೆ ಆಟೊ ಹಿಡಿದು ಹಡಗು ಸೇರಿದೆ. ನಮ್ಮವರು ಮೂಡುಬಿದಿರೆಯ ಕಂಬಗಳ ಫೋಟೊ ತೋರಿಸಿದರು. ಒಂದಕ್ಕಿಂತ ಒಂದು ಚೆಂದ. ಅವರ ಸಂತೋಷವೂ ನಿಜ. ಕಾಲು ನೋಯುವವರಿಗೆ, ಭಾಷೆ ಬಾರದವರಿಗೆ ಹಡಗಿನ ಬಸ್ಸು ಬೇಕು. ಅದರ ಜೊತೆಗೆ ಧಕ್ಕೆಯ ಸ್ವಾಗತಕೋಣೆಯಲ್ಲಿ ಸಿಟಿ ಬಸ್ಸಿನ ದಾರಿ, ಸುಲ್ತಾನ್ ಬತ್ತೇರಿಯ ದೋಣಿ, ಪಿಲಿಕುಳದ ಮೈದಾನ ತೋರಿಸುವ ಒಂದು ನಕ್ಷೆಯನ್ನೂ ತೂಗುಹಾಕಲಿ ಎಂಬುದು ನನ್ನ ಆಸೆ. ಹಡಗಿನಿಂದ ಇಳಿದವರಲ್ಲಿ ಹತ್ತು ಜನ ಆ ದೋಣಿ ಹತ್ತಿದರೂ ದೋಣಿಯವರ ಆ ದಿನ ಬೇರೆಯಾಗುತ್ತದೆ, ಹತ್ತಿದವರದೂ.

ಮೈಸೂರಿಗೆ ಬಂದ ಮೇಲೆ ಈ ಪ್ರವಾಸ ನನ್ನನ್ನು ಬಿಟ್ಟಿಲ್ಲ. ಕೊಲಂಬೊ ಮರೆತುಹೋಗುತ್ತಿದೆ, ಮಂಗಳೂರಿನ ಆ ಒಂದು ಹಗಲು ಮರೆಯುತ್ತಿಲ್ಲ. ನನಗೆ ಗೊತ್ತಿದೆ ಎಂದುಕೊಂಡಿದ್ದ ಊರಿನಲ್ಲಿ ಎದುರಾದ ಮೂರು ಜನ, ಮೂರು ಕಡೆ, ಬಾರ್ಬಡೋಸಿನ ಮೇಷ್ಟ್ರ ಮಾತನ್ನೇ ತಮ್ಮ ತಮ್ಮ ರೀತಿಯಲ್ಲಿ ಹೇಳಿದರು. ಒಬ್ಬರು ಹುಲ್ಲಿನ ಇಳಿಜಾರು ತೋರಿಸಿ, ಒಬ್ಬರು ಸಾರು ಬಡಿಸುತ್ತ, ಒಬ್ಬರು ಹೊಳೆಯ ಬಾಯಿ ತೋರಿಸಿ. ಒಂದು ಊರನ್ನು ಬಲ್ಲೆ ಎನ್ನಬೇಕಾದರೆ ಅದರ ಕಷ್ಟದ ಋತುವಿನಲ್ಲಿ ಅಲ್ಲಿ ಇದ್ದಿರಬೇಕು. ಬೆನ್ ಯಿಜುವಿಗೆ, ಮೋಗ್ಲಿಂಗ್‌ಗೆ, ಮೊಸ್ಕೆನಿಗೆ ಈ ಊರು ಏನನ್ನಾದರೂ ಕೊಟ್ಟಿದ್ದರೆ, ಅವರಿಂದ ಏನನ್ನಾದರೂ ಪಡೆದಿದ್ದರೆ, ಅದಕ್ಕೆ ಕಾರಣ ಅವರು ಮಳೆಗೆ ಹೆದರಿ ಹೊರಡಲಿಲ್ಲ ಎಂಬುದೇ.

ಜೂನ್ ಮತ್ತು ಜುಲೈಗೆ ಬೋಳೂರಿನ ಕಡೆ ಒಂದು ಹಳೆಯ ಹೆಂಚಿನ ಮನೆ ಬಾಡಿಗೆಗೆ ಕೇಳಿದ್ದೇವೆ. ನಮ್ಮವರ ಮೊಣಕಾಲಿಗೆ ಆ ತಂಡಿ ಒಗ್ಗುತ್ತದೋ ಇಲ್ಲವೋ ನೋಡಬೇಕು. ಗಾಲ್ಫ್ ಚೀಲ ಈ ಸಲ ಮೈಸೂರಿನಲ್ಲೇ ಇರುತ್ತದೆ. ನಾನು ಕೊಡೆ ಹಿಡಿದು ಪಿಲಿಕುಳಕ್ಕೆ ಹೋಗಿ, ಆ ಗ್ರೀನಿನ ಮೇಲೆ ನೀರು ಎತ್ತ ಹರಿಯುತ್ತದೆ ಎಂದು ನೋಡಬೇಕು.